ಭಾನುವಾರದ ಪೂಜೆ, ಸೋಮವಾರದ ತಕ್ಕಡಿ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, "ನಿಮ್ಮ ಧರ್ಮವನ್ನು ದಿನನಿತ್ಯದ ಬದುಕಿನಲ್ಲಿ ಹೇಗೆ ನಡೆಸಿಕೊಂಡು ಬರ್ತೀರಿ, ನಾಲ್ಕು ಮಾತು ಹೇಳಿ" ಎಂದು ಊರಿನ ಕಥೋಲಿಕ ಕ್ರೈಸ್ತರಾದ ನಮ್ಮನ್ನು ಕೇಳಿದ್ದೀರಿ. ಕಳಸೇಶ್ವರನ ಊರಿನಲ್ಲಿ, ಹೊರನಾಡಿನ ಅನ್ನಪೂರ್ಣೇಶ್ವರಿಯ ನೆರೆಯಲ್ಲಿ, ಇಂಥ ಮಾತಿಗೆ ನಮ್ಮನ್ನು ಕರೆದದ್ದು ನಿಮ್ಮ ದೊಡ್ಡತನ. ಧರ್ಮೋಪದೇಶ ಮಾಡಲು ಗುರುಗಳಿದ್ದಾರೆ, ಅದು ನಮ್ಮ ಕೆಲಸವಲ್ಲ. ನಾವು ಹೇಳಬೇಕೆಂದಿರುವುದು ಒಂದೇ ಮಾತು: ಭಾನುವಾರ ಬಲಿಪೂಜೆಯಲ್ಲಿ ಕೈ ಜೋಡಿಸಿದವರ ವಿಶ್ವಾಸ ಪರೀಕ್ಷೆಗೆ ನಿಲ್ಲುವುದು ಸೋಮವಾರ. ತಕ್ಕಡಿಯ ಮುಂದೆ, ಬಟವಾಡೆಯ ಮುಂದೆ, ಸಂಘದ ಸಾಲದ ಪುಸ್ತಕದ ಮುಂದೆ.

ನಮ್ಮಲ್ಲಿ ಬಹಳ ಮನೆಗಳ ಹಿರಿಯರು ಘಟ್ಟದ ಕೆಳಗಿನಿಂದ ಬಂದವರು. ಎಸ್ಟೇಟುಗಳಿಗೆ ರೈಟರಾಗಿ, ಮೇಸ್ತ್ರಿಯಾಗಿ, ಬಡಗಿಯಾಗಿ, ಕೂಲಿಯಾಳಾಗಿ ಬಂದು ಇಲ್ಲೇ ನೆಲೆ ನಿಂತರು. ಮನೆಯೊಳಗೆ ಕೊಂಕಣಿ, ಸಂತೆಯಲ್ಲಿ ಕನ್ನಡ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮದಿನಕ್ಕೆ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ತರುವ ಪದ್ಧತಿಯೂ ಅವರೊಂದಿಗೇ ಘಟ್ಟ ಹತ್ತಿತು. ಮಲೆನಾಡಿನ ಒಕ್ಕಲು ಮನೆಯ ಹೊಸ್ತಿಗೂ ನಮ್ಮ ತೆನೆ ಹಬ್ಬಕ್ಕೂ ಎಷ್ಟು ದೂರ? ಅನ್ನ ಕೊಟ್ಟವನನ್ನು ಮೊದಲು ನೆನೆ, ಆಮೇಲೆ ಉಣ್ಣು ಎನ್ನುವುದೇ ಎರಡರ ಅರ್ಥ.

ಮೊದಲು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ್ದ ಈ ಸೀಮೆಗೆ 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರವಾಯಿತು. ಅಲ್ಫೋನ್ಸಸ್ ಮಥಾಯಸ್ ಅವರು ಮೊದಲ ಧರ್ಮಾಧ್ಯಕ್ಷರಾದರು. ಅದೇ ಕಾಲಕ್ಕೆ, 1962ರಿಂದ 1965ರವರೆಗೆ, ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯಿತು. ಅದಕ್ಕೆ ಮುಂಚೆ ಪೂಜೆ ಲ್ಯಾಟಿನ್ ಭಾಷೆಯಲ್ಲಿತ್ತು; ಆಮೇಲೆ ನಮ್ಮ ನಮ್ಮ ಮಾತಿಗೆ ಬಂತು. ಅರ್ಥವಾಗುವ ಭಾಷೆಗೆ ಬಂದ ಮೇಲೆ "ಅರ್ಥವಾಗಲಿಲ್ಲ" ಎನ್ನುವ ನೆಪ ಉಳಿಯಲಿಲ್ಲ ನೋಡಿ! ಮಹಾಸಭೆ ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಿತು. ಪುಣ್ಯದ ಬದುಕು ಗುರುಗಳಿಗೆ, ಕನ್ಯಾಸ್ತ್ರೀಯರಿಗೆ ಮಾತ್ರ ಮೀಸಲಲ್ಲ. ಸಂಸಾರಸ್ಥರೂ ತಾವು ಮಾಡುವ ಕೆಲಸದ ಒಳಗೇ, ವ್ಯವಹಾರದ ಒಳಗೇ ಅದನ್ನು ಬಾಳಬೇಕು ಎಂದಿತು. ನಮ್ಮ ನಾಡಿನ ಶರಣರು ಕಾಯಕವೆಂದು ಕರೆದದ್ದನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯದು, ಕೂಲಿಯ ಮಾತು. ಯೇಸುಸ್ವಾಮಿ ಹೇಳಿದ ಒಂದು ಸಾಮತಿ ನಮ್ಮ ತೋಟದವರಿಗಾಗಿಯೇ ಹೇಳಿದಂತಿದೆ. ದ್ರಾಕ್ಷಿ ತೋಟದ ಯಜಮಾನನೊಬ್ಬ ಬೆಳಿಗ್ಗೆ ಕೆಲವರನ್ನು, ಮಧ್ಯಾಹ್ನ ಕೆಲವರನ್ನು, ಸಂಜೆ ಐದಕ್ಕೆ ಮತ್ತೆ ಕೆಲವರನ್ನು ಕೆಲಸಕ್ಕೆ ಕರೆದ. ಬಟವಾಡೆಯಲ್ಲಿ ಎಲ್ಲರಿಗೂ ಒಂದೇ ಪೂರ್ತಿ ದಿನದ ಕೂಲಿ ಕೊಟ್ಟ. ಇದು ಲೆಕ್ಕಕ್ಕೆ ಕೂಡೋದಿಲ್ಲ ಅಂತ ಯಾವ ರೈಟರಾದರೂ ಹೇಳಿಯಾರು. ಆದರೆ ಅರ್ಧ ದಿನ ಕೆಲಸ ಸಿಕ್ಕವನ ಮನೆಯಲ್ಲಿ ಮಕ್ಕಳ ಹೊಟ್ಟೆ ಅರ್ಧ ಹಸಿಯೋದಿಲ್ಲವಲ್ಲ. ಬಡವನ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡಬೇಕೆಂದು ಬೈಬಲಿನ ಹಳೆಯ ಕಟ್ಟಳೆಯೇ ಇದೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೊ ಅವರು ಕಾರ್ಮಿಕರ ಬಗ್ಗೆ ಒಂದು ವಿಶ್ವಪತ್ರ ಬರೆದರು. ದುಡಿಯುವವನು ಕಷ್ಟಕ್ಕೆ ಸಿಕ್ಕಿ ಕಡಿಮೆ ಕೂಲಿಗೆ ಒಪ್ಪಿಕೊಂಡ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ, ಅವನ ಜೀವನ ನಡೆಯುವಷ್ಟು ಸಿಗಬೇಕು ಎಂದು ಅದರಲ್ಲಿ ಸಾರಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೊ ಎಂಬ ಹೆಸರನ್ನು ಆರಿಸಿಕೊಂಡದ್ದಕ್ಕೆ ಈ ಪತ್ರವೂ ಮುಖ್ಯ ಕಾರಣವೆಂದು ತಾವೇ ಹೇಳಿದ್ದಾರೆ.

ನಮ್ಮ ಮಟ್ಟಿಗೆ ಇದರ ಅರ್ಥವೇನು? 2001–02ರ ಹೊತ್ತಿಗೆ ಕಾಫಿ ಬೆಲೆ ನೆಲ ಕಚ್ಚಿದ್ದನ್ನು ಇಲ್ಲಿರುವ ಯಾರೂ ಮರೆತಿಲ್ಲ. 2024–25ರಲ್ಲಿ ಹಿಂದೆಂದೂ ಕಾಣದ ಬೆಲೆಯನ್ನೂ ಕಂಡೆವು. ಬೆಲೆ ಬಿದ್ದಾಗ ಕೂಲಿ ತಡೆಯಲು ಕಾರಣ ಸಿಗುತ್ತದೆ. ಬೆಲೆ ಏರಿದಾಗ ನೆನಪಾಗಬೇಕಾದವರು, ಬಿದ್ದ ದಿನಗಳಲ್ಲೂ ತೋಟ ಬಿಡದೆ ನಿಂತವರು. ಲೈನು ಮನೆಯ ಸೋರುವ ಮಾಡು, ಅಸ್ಸಾಮಿನಿಂದ ಬಂದವನ ಹಣ್ಣಿನ ಚೀಲದ ತೂಕ, ಇವೇ ನಮ್ಮ ಪ್ರಶ್ನೆಪತ್ರಿಕೆ. ಕ್ರಿಸ್ಮಸ್ ಬರೋದೇ ಹಣ್ಣು ಕುಯ್ಲಿನ ಭರಾಟೆಯಲ್ಲಿ. ಗೋದಲಿ ಕಟ್ಟಿ ನಕ್ಷತ್ರ ತೂಗುಹಾಕಿದ ಮನೆಯ ತಕ್ಕಡಿ ಚೀಲಕ್ಕೆ ಅರ್ಧ ಕಿಲೋ ಕಡಿಮೆ ತೋರಿಸಿದರೆ, ಆ ನಕ್ಷತ್ರ ಯಾರಿಗೆ ದಾರಿ ತೋರೀತು?

ಎರಡನೆಯದು, ಸಾಲದ ಮಾತು. ಕಥೋಲಿಕರಲ್ಲಿ ಪಾಪನಿವೇದನೆ ಎಂಬ ಸಂಸ್ಕಾರವಿದೆ. ಗುರುಗಳ ಮುಂದೆ ಹೇಳಿಕೊಂಡರೆ ಆಯ್ತು, ಎಲ್ಲ ತೊಳೆದು ಹೋಯ್ತು ಅಂತ ಬೇರೆಯವರು ತಮಾಷೆ ಮಾಡುವುದುಂಟು. ಹಾಗಲ್ಲ. ಬೇರೆಯವರದನ್ನು ತೆಗೆದುಕೊಂಡಿದ್ದರೆ ಹಿಂದಕ್ಕೆ ಕೊಡಬೇಕು, ನಷ್ಟ ಮಾಡಿದ್ದರೆ ತುಂಬಿ ಕೊಡಬೇಕು ಎಂಬುದು ಧರ್ಮಸಭೆಯ ಬೋಧನೆ. ಸುಂಕದ ಜಕ್ಕಾಯ ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡ ದಿನ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕು ಪಾಲಾಗಿ ಹಿಂದಿರುಗಿಸುತ್ತೇನೆಂದ. ಅಂದರೆ ಪಾಪನಿವೇದನೆಯಿಂದ ಸಂಘದ ಸಾಲ ಮನ್ನಾ ಆಗೋದಿಲ್ಲ! ನಿಜವಾಗಿ ಕಷ್ಟದಲ್ಲಿರುವವನು ಬಂದು ವಾಯಿದೆ ಕೇಳಲಿ, ಅದರಲ್ಲಿ ಅವಮಾನವಿಲ್ಲ. ಕಟ್ಟುವ ಶಕ್ತಿಯಿದ್ದೂ "ಸರ್ಕಾರ ಮನ್ನಾ ಮಾಡೀತು, ತಡೀರಿ" ಎಂದು ಕೂರುವುದು ಬೇರೆ. ಆ ದುಡ್ಡು ಪಕ್ಕದ ಮನೆಯ ವಿಧವೆಯ ಠೇವಣಿ, ಇನ್ನೊಬ್ಬನ ಮಗಳ ಮದುವೆಗೆಂದು ಕೂಡಿಟ್ಟದ್ದು.

ಜಾಮೀನಿನ ವಿಷಯದಲ್ಲೂ ಹಾಗೆಯೇ. ನೆರೆಯವನನ್ನು ಪ್ರೀತಿಸು ಎಂದರೆ ಕಣ್ಣು ಮುಚ್ಚಿ ಸಹಿ ಹಾಕು ಎಂದಲ್ಲ. ಬೈಬಲಿನ ಜ್ಞಾನೋಕ್ತಿಗಳೇ ಜಾಮೀನು ನಿಲ್ಲುವವರಿಗೆ ಎಚ್ಚರ ಹೇಳುತ್ತವೆ. ಅವನ ತೋಟ ನೋಡಿ, ಸಾಲ ಯಾತಕ್ಕೆಂದು ಕೇಳಿ, ಆಮೇಲೆ ಸಹಿ ಹಾಕಿ, ಕಂತಿನ ತಾರೀಖು ಹತ್ತಿರ ಬಂದಾಗ ಅವನ ಮನೆಗೆ ಹೋಗಿ ನೆನಪಿಸುವುದೂ ಪ್ರೀತಿಯೇ. ಇನ್ನು, ಆಡಳಿತ ಮಂಡಳಿಯಲ್ಲಿ ಕೂತಾಗ "ನಮ್ಮ ಚರ್ಚಿನವರು" ಎಂಬ ಕಾರಣಕ್ಕೆ ಅರ್ಜಿ ಮೇಲಕ್ಕೆ ಬಂದರೆ ಅದು ಸೇವೆಯಲ್ಲ. ಯಾವ ಧರ್ಮದವರು ಕೂತರೂ ಈ ಮಾತು ಒಂದೇ.

ಸಹಕಾರಕ್ಕೆ ಒಂದು ಧರ್ಮ ಅಂತ ಇಲ್ಲ. ನಮ್ಮ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮದೊಂದು ಸಹಕಾರಿ ಬ್ಯಾಂಕ್ ಕಟ್ಟಿದರು. ಅದು ಇಂದಿಗೂ ನಡೆಯುತ್ತಿದೆ. ದೂರದ ಸ್ಪೇನ್ ದೇಶದ ಮೊಂಡ್ರಾಗೋನ್ ಎಂಬ ಬೆಟ್ಟದ ಊರಿಗೆ 1941ರಲ್ಲಿ ಬಂದ ಒಬ್ಬ ಕಥೋಲಿಕ ಗುರು ಮೊದಲು ಹುಡುಗರಿಗೆ ತಾಂತ್ರಿಕ ಶಾಲೆ ತೆರೆದರು. 1956ರಲ್ಲಿ ಅವರ ಶಿಷ್ಯರು ಐದು ಮಂದಿ ಸೇರಿ ದುಡಿಯುವವರೇ ಒಡೆಯರಾದ ಕಾರ್ಖಾನೆ ಶುರು ಮಾಡಿದರು. ಇಂದು ಅಲ್ಲಿ ಹತ್ತಾರು ಸಾವಿರ ಜನರಿಗೆ ಕೆಲಸವಿದೆ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಎಲ್ಲ ದೇಶಕ್ಕೂ ಸಲ್ಲುವ ಮಾತು.

ಮೂರನೆಯದು, ಹಳ್ಳದ ಮಾತೇ. ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ನಮ್ಮ ಕಳಸವನ್ನು ಬಳಸಿ ಬಾಳೆಹೊನ್ನೂರಿನ ಕಡೆಗೆ ಹರಿಯುತ್ತಾಳೆ. ಪಲ್ಪರ್ ತೊಳೆದ ನೀರನ್ನು ರಾತ್ರೋರಾತ್ರಿ ಹಳ್ಳಕ್ಕೆ ಬಿಟ್ಟರೆ ಕೆಳಗಿನವರ ನೀರು ನಾರುತ್ತದೆ, ಮೀನು ಸಾಯುತ್ತದೆ. ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿಯಬೇಕೆಂದು ಎಲ್ಲರಿಗೂ ಗೊತ್ತು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಬರೆದ ವಿಶ್ವಪತ್ರ ಈ ಭೂಮಿ ನಮ್ಮೆಲ್ಲರ ಒಂದೇ ಮನೆಯೆಂದು ನೆನಪಿಸಿತು. 2019ರ ಆಗಸ್ಟ್ ಮಳೆಗೆ ಮೂಡಿಗೆರೆ, ಕಳಸದ ಕಡೆ ಗುಡ್ಡ ಕುಸಿದು ಮನೆ, ತೋಟ ಕೊಚ್ಚಿಹೋದಾಗ ಮಣ್ಣು ಯಾರ ಜಾತಿಯನ್ನೂ ಕೇಳಲಿಲ್ಲ. ಹಳ್ಳವೂ ಕೇಳುವುದಿಲ್ಲ.

ಕೊನೆಯದಾಗಿ ಮನೆಯ ಮಾತು. ಹಿಂದೆ ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ಕೂತು ಜಪಸರ ಹೇಳುತ್ತಿದ್ದರು. ಈಗ ಮಕ್ಕಳು ಬೆಂಗಳೂರಿನಲ್ಲಿ, ಗಲ್ಫಿನಲ್ಲಿ. ಮನೆಯಲ್ಲಿರುವವರ ಕೈಯಲ್ಲಿ ಮೊಬೈಲು. ಮಕ್ಕಳನ್ನು ಬೈದರೆ ವಿಶ್ವಾಸ ಉಳಿಯುವುದಿಲ್ಲ. ಅಪ್ಪ ಜಪಸರ ಮುಗಿಸಿ ಎದ್ದು ಆಳಿನ ಲೆಕ್ಕವನ್ನು ಸರಿಯಾಗಿ ಚುಕ್ತಾ ಮಾಡಿದ್ದನ್ನು ಕಂಡ ಮಗ ಎಲ್ಲಿಗೆ ಹೋದರೂ ಅದನ್ನು ಮರೆಯಲಾರ. ಪ್ರಾರ್ಥನೆಗೂ ಲೆಕ್ಕಕ್ಕೂ ಸಂಬಂಧವಿಲ್ಲವೆಂದು ಕಂಡವನಿಗೆ ಯಾವ ಉಪದೇಶವೂ ತಾಗದು.

ಬಂಧುಗಳೆ, ಬೆಳ್ಳಿಹಬ್ಬಕ್ಕೆ ಬೆಳ್ಳಿ ಕೊಡಬೇಕಾಗಿಲ್ಲ. ಈ ವರ್ಷ ನಾವು ಮೂರು ಕೆಲಸ ಮಾಡೋಣ: ಕಂತು ತಾರೀಖಿಗೆ ಮುಂಚೆ ಕಟ್ಟೋಣ, ಕೂಲಿಯನ್ನು ಹೇಳಿದ ದಿನವೇ ಕೊಡೋಣ, ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡದಿರೋಣ. ಚರ್ಚಿಗೆ ಹೋಗುವವರು ಇದನ್ನು ಯೇಸುಸ್ವಾಮಿಯ ಹೆಸರಿನಲ್ಲಿ ಮಾಡಲಿ, ದೇವಸ್ಥಾನಕ್ಕೆ, ಬಸದಿಗೆ, ಮಸೀದಿಗೆ ಹೋಗುವವರು ತಮ್ಮ ತಮ್ಮ ದೇವರ ಹೆಸರಿನಲ್ಲಿ ಮಾಡಲಿ. ಸಂಘದ ಪುಸ್ತಕದಲ್ಲಿ ಮಾತ್ರ ಎಲ್ಲರದ್ದೂ ಒಂದೇ ಪುಟಕ್ಕೆ ಜಮಾ ಆಗುತ್ತದೆ.

ಸಂಘ ಇನ್ನೂ ಬೆಳೆಯಲಿ, ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇವೆ.