ಅಪ್ಪ ಸವರಿದ ಕಂಬ



ಕಳೆದ ವರ್ಷ ಅಪ್ಪ, ಅಮ್ಮ, ಹೆಂಡತಿ, ಮಗಳೊಂದಿಗೆ ಸ್ಪೇನಿನ ಕಾರ್ಡೋಬಾಕ್ಕೆ ಹೋಗಿದ್ದೆ. ಹಳೇ ಪೇಟೆಯ ಸುಣ್ಣ ಬಳಿದ ಓಣಿಗಳಲ್ಲಿ ಸುತ್ತಿ, 785ರ ಸುಮಾರಿಗೆ ಕಟ್ಟಲು ತೊಡಗಿದ ಮಸೀದಿಗೆ ಬಂದೆವು. 1236ರಿಂದ ಅದು ಚರ್ಚು. ಒಳಗೆ ಎಂಟುನೂರಕ್ಕೂ ಹೆಚ್ಚು ಕಂಬ, ಕೆಂಪು-ಬಿಳಿ ಕಮಾನು. ನಾನು ಮೊಬೈಲಿನಲ್ಲಿ ಓದಿ ಹೇಳುತ್ತಿದ್ದೆ. ಅಪ್ಪ ಕೇಳಿಸಿಕೊಳ್ಳಲೇ ಇಲ್ಲ. ಕಂಬ ಸವರುತ್ತ, "ಬೇರೆ ಕಟ್ಟಡದ ಕಂಬ ಕಣೋ ಇವು, ಒಂದರಂತೆ ಒಂದಿಲ್ಲ. ಗಿಡ್ಡವಾದವು ಅಂತ ಕಮಾನಿನ ಮೇಲೆ ಕಮಾನು ಹಾಕಿ ಎತ್ತರಿಸಿದ್ದಾರೆ" ಅಂದರು. ಮುಂದೆ ಓದಿದರೆ ಅದೇ ಇತ್ತು: ಮೊದಲ ಭಾಗದವು ರೋಮನ್ನರ ಕಾಲದ ಹಳೆಯ ಕಟ್ಟಡಗಳಿಂದ ತಂದ ಕಂಬಗಳು.

ಅಪ್ಪ ಗಾರೆ ಕೆಲಸದವರು. ಈ ಶಾಲೆಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ 'ವ್ಯವಸಾಯ' ಎಂದು ಬರೆದಿದ್ದೆ, ನಾಚಿಕೆಯಿಂದ. ಆ ಅರ್ಜಿ ಆಫೀಸಿನಲ್ಲಿ ಇನ್ನೂ ಇದ್ದರೆ ಇವತ್ತೇ ತಿದ್ದಿಕೊಡುತ್ತೇನೆ, ಸಾರ್. ಅಪ್ಪ ಮೂರನೇ ಸಾಲಿನಲ್ಲಿ ಕೂತಿದ್ದಾರೆ.