ಬಿಟ್ಟು ಹೋಗದವರ ಊರು



ಹಳೇಬೀಡು ಎಂಬ ಹೆಸರನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹೊಯ್ಸಳರು ಆಳುತ್ತಿದ್ದಷ್ಟು ಕಾಲ ಅದು ದೋರಸಮುದ್ರ. ಆಳುವವರು ಹೋದ ಮೇಲೆ ಹಳೆಯ ಬೀಡು. ಭೂಮಿಯ ಆಚೆ ಮಗ್ಗುಲಲ್ಲಿ, ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ, ಇಂಥದೇ ಹೆಸರಿನ ಇನ್ನೊಂದು ಊರಿದೆ. ಅಂತಿಗ್ವಾ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ಹಳೆಯದು ಎಂದಷ್ಟೇ ಅರ್ಥ. ಸ್ಪೇನಿನವರು ಕಟ್ಟಿ ಆಳಿದ ರಾಜಧಾನಿ ಅದು. ಒಂದು ದಿನ ಅವರೇ ಇದು ಬೇಡ, ಎಲ್ಲರೂ ಗಂಟುಮೂಟೆ ಕಟ್ಟಿ ಎಂದು ಅಪ್ಪಣೆ ಮಾಡಿದರು. ಊರು ಖಾಲಿಯಾಗಲಿಲ್ಲ. ಇವತ್ತು ಅಲ್ಲಿಗೆ ದೇಶದೇಶಗಳಿಂದ ಜನ ಭಾಷೆ ಕಲಿಯಲು ಬರುತ್ತಾರೆ. ನಾನೂ ಹಾಗೆ ಹೋಗಿ ಎರಡು ತಿಂಗಳು ಇದ್ದೆ.

ಕಲಿಕೆಯ ಕ್ರಮ ಸರಳ. ಒಬ್ಬ ವಿದ್ಯಾರ್ಥಿಗೆ ಒಬ್ಬ ಮೇಷ್ಟ್ರು. ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು ಎದುರುಬದುರು ಕೂತು ಮಾತು, ಮಾತು, ಮಾತು. ತಪ್ಪಿಸಿಕೊಳ್ಳಲು ಹಿಂದಿನ ಬೆಂಚೇ ಇಲ್ಲ! ಮಧ್ಯಾಹ್ನದ ಊಟಕ್ಕೆ ನಾವು ಉಳಿದುಕೊಂಡ ಮನೆಗೆ ಹೋಗಬೇಕು; ಅಲ್ಲಿ ಆ ಮನೆಯಮ್ಮನ ಜೊತೆ ಮತ್ತೆ ಮಾತು. ಮನೆಗಳೆಲ್ಲ ಹೆಚ್ಚುಕಡಿಮೆ ನಮ್ಮ ತೊಟ್ಟಿಮನೆಗಳೇ. ಬೀದಿಗೆ ಬರೀ ಗೋಡೆ, ಒಂದು ಬಾಗಿಲು, ಕಬ್ಬಿಣದ ಸರಳಿನ ಕಿಟಕಿ. ಒಳಗೆ ಹೋದರೆ ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಹಂಚಿನ ಮಾಡು, ಅಂಗಳದಲ್ಲೊಂದು ನೀರಿನ ತೊಟ್ಟಿ.

ಈ ಊರಿನ ಕಥೆ ಶುರುವಾಗುವುದು ಬೇರೆ ಊರಿನಲ್ಲಿ. 1524ರ ಜುಲೈ 25, ಸಂತ ಸಾಂತಿಯಾಗೊನ ಹಬ್ಬದ ದಿನ, ಪೆದ್ರೊ ದೆ ಅಲ್ವರಾದೊ ಎಂಬ ಸ್ಪ್ಯಾನಿಷ್ ದಂಡನಾಯಕ ಕಾಕ್ಚಿಕೆಲ್ ಜನರ ರಾಜಧಾನಿ ಇಶಿಮ್ಚೆಯಲ್ಲಿ ಸಾಂತಿಯಾಗೊ ಎಂಬ ಪಟ್ಟಣ ಸ್ಥಾಪನೆಯಾಯಿತೆಂದು ಸಾರಿದ. ಕಾಕ್ಚಿಕೆಲ್ ಎಂದರೆ ಮಾಯಾ ಜನಾಂಗಗಳಲ್ಲಿ ಒಂದು. ಮೊದಲು ಅವರು ಅಲ್ವರಾದೊನ ಮಿತ್ರರಾಗಿದ್ದವರು. ಈತ ಬಂಗಾರ ತಾ ಬಂಗಾರ ತಾ ಎಂದು ಪೀಡಿಸತೊಡಗಿದ ಮೇಲೆ ತಿರುಗಿಬಿದ್ದರು. ಪಟ್ಟಣ ಅಲ್ಲಿ ನಿಲ್ಲಲಿಲ್ಲ. 1527ರಲ್ಲಿ ಅದನ್ನು ಆಗ್ವಾ ಎಂಬ ಜ್ವಾಲಾಮುಖಿ ಬೆಟ್ಟದ ಬುಡಕ್ಕೆ ತಂದು ಹೂಡಿದರು.

ಆಗ್ವಾ ಎಂದರೆ ನೀರು. ಬೆಂಕಿ ಬೆಟ್ಟಕ್ಕೆ ನೀರಿನ ಹೆಸರು ಬಿದ್ದದ್ದಕ್ಕೆ ಕಾರಣವಿದೆ. 1541ರಲ್ಲಿ ಅಲ್ವರಾದೊ ಮೆಕ್ಸಿಕೊದ ಕಡೆ ಒಂದು ಕಾಳಗದಲ್ಲಿ ಕುದುರೆಯಡಿ ಸಿಕ್ಕಿ ಸತ್ತ. ಸುದ್ದಿ ಬಂದಾಗ ಅವನ ಹೆಂಡತಿ ಬೆಯಾತ್ರಿಸ್ ದೆ ಲಾ ಕುಯೆವಾ ತಾನೇ ಗವರ್ನರ್ ಪಟ್ಟಕ್ಕೆ ಬಂದಳು. ಕಾಗದಕ್ಕೆ ರುಜು ಹಾಕುವಾಗ ತನ್ನನ್ನು ಭಾಗ್ಯಗೆಟ್ಟವಳು ಎಂದು ಕರೆದುಕೊಂಡಳು. ಬಿಡದೆ ಮಳೆ ಸುರಿಯುತ್ತಿದ್ದ ದಿನಗಳು ಅವು. ಸೆಪ್ಟೆಂಬರ್ 10ರ ರಾತ್ರಿ ಬೆಟ್ಟದ ಮೇಲಿನಿಂದ ನೀರು, ಕೆಸರು, ಬಂಡೆಗಳು ಒಟ್ಟಿಗೆ ಉರುಳಿ ಪಟ್ಟಣವನ್ನು ಹೂತುಹಾಕಿದವು. ಪ್ರಾರ್ಥನಾ ಮಂದಿರಕ್ಕೆ ಓಡಿದ್ದ ಬೆಯಾತ್ರಿಸ್ ತನ್ನ ಸಖಿಯರ ಜೊತೆ ಅಲ್ಲೇ ಮುಗಿದಳು. ಪಟ್ಟಕ್ಕೆ ಬಂದು ಎರಡು ದಿನವಾಗಿತ್ತು, ಅಷ್ಟೆ.

ಮೂರನೆಯ ಸಲ, 1543ರಲ್ಲಿ, ಪಕ್ಕದ ಪಾಂಚೊಯ್ ಕಣಿವೆಯಲ್ಲಿ ಚೌಕಾಬಾರದ ಮನೆ ಗೀಚಿದ ಹಾಗೆ ಬೀದಿಗಳನ್ನು ಎಳೆದು ಊರು ಕಟ್ಟಿದರು. ಇದೇ ಇವತ್ತಿನ ಅಂತಿಗ್ವಾ. ಆ ಗೆರೆಗಳು ಇನ್ನೂ ಹಾಗೇ ಇವೆ. ಮುಂದಿನ 230 ವರ್ಷಗಳ ಬಹುಪಾಲು ಕಾಲ ಮೆಕ್ಸಿಕೊದ ಚಿಯಾಪಾಸಿನಿಂದ ಕೋಸ್ಟರಿಕಾವರೆಗಿನ ಸೀಮೆಗೆಲ್ಲ ಇಲ್ಲಿಂದಲೇ ಆಡಳಿತ. ದೊಡ್ಡ ಚರ್ಚು, ಮಠ, ಅರಮನೆಗಳ ಲೆಕ್ಕ ನಾನು ಒಪ್ಪಿಸುವುದಿಲ್ಲ. ಕಲಿಯಲು ಹೋದವನಾದ್ದರಿಂದ ನನ್ನ ಕಣ್ಣು ಕಲಿಯಲು ಬಂದ ಹಿಂದಿನವರ ಮೇಲೆಯೇ.

ಮೊದಲ ಬಿಷಪ್ ಫ್ರಾನ್ಸಿಸ್ಕೊ ಮರ್ರೊಕಿನ್ 1563ರಲ್ಲಿ ಸಾಯುವಾಗ ಒಂದು ವಿದ್ಯಾಲಯಕ್ಕೆಂದು ಆಸ್ತಿ ಬಿಟ್ಟುಹೋದರು. ಅದರಿಂದಲೇ ಬೆಳೆದು ಬಂದದ್ದು 1676ರಲ್ಲಿ ರಾಜಾಜ್ಞೆ ಪಡೆದ ಸಾನ್ ಕಾರ್ಲೊಸ್ ವಿಶ್ವವಿದ್ಯಾಲಯ. ಅದರ ಆರಂಭದ ಪೀಠಗಳಲ್ಲಿ ದೇವತಾಶಾಸ್ತ್ರ, ಕಾನೂನುಗಳ ಪಕ್ಕದಲ್ಲಿ ಕಾಕ್ಚಿಕೆಲ್ ಭಾಷೆಗೂ ಒಂದು ಪೀಠವಿತ್ತು. ಗೆದ್ದವರು ಸೋತವರ ಮಾತನ್ನು ಸಂಬಳ ಕೊಟ್ಟು ಕಲಿಸಿದರು! ಪ್ರೀತಿಯಿಂದಲ್ಲ, ಮತ ಬೋಧಿಸಲು ಪಾದ್ರಿಗಳಿಗೆ ಆ ಮಾತು ಬೇಕಿತ್ತು. ಮಂಗಳೂರಿನ ಬಾಸೆಲ್ ಮಿಷನ್ನಿಗೆ ಬಂದ ಕಿಟೆಲ್ ಸಾಹೇಬರೂ ಮೊದಲು ಕನ್ನಡ ಕಲಿತದ್ದು ಅದಕ್ಕೇ. 1894ರ ಅವರ ನಿಘಂಟನ್ನು ನಾವು ಇವತ್ತಿಗೂ ಬಿಡಲಾರೆವು. ಉದ್ದೇಶ ಒಂದು, ಉಳಿದದ್ದು ಇನ್ನೊಂದು.

ವಿಶ್ವವಿದ್ಯಾಲಯಕ್ಕೂ ಮುಂಚೆ ಬಂದ ಒಬ್ಬ ವಿದ್ಯಾರ್ಥಿ ನನಗೆ ಬಹಳ ಹತ್ತಿರದವನು, ಯಾಕೆಂದರೆ ಅವನು ಫೇಲಾದವನು. ಹೆಸರು ಪೆದ್ರೊ ದೆ ಬೆತಾಂಕುರ್. ಕೆನರಿ ದ್ವೀಪದಲ್ಲಿ ಕುರಿ ಕಾಯುತ್ತಿದ್ದವನು, 1651ರಲ್ಲಿ ಬರಿಗೈಲಿ ಇಲ್ಲಿಗೆ ಬಂದ. ಪಾದ್ರಿಯಾಗುವ ಆಸೆ. ಜೆಸ್ವಿಟ್ ಎಂಬ ಪಂಗಡದ ಪಾದ್ರಿಗಳ ಶಾಲೆಗೆ ಸೇರಿದ. ಲ್ಯಾಟಿನ್ ತಲೆಗೆ ಹತ್ತಲಿಲ್ಲ. ಎಷ್ಟು ಉರುಹೊಡೆದರೂ ಹತ್ತಲಿಲ್ಲ. ಕೊನೆಗೆ ಓದು ಬಿಟ್ಟ, ಊರು ಬಿಡಲಿಲ್ಲ. ಆಸ್ಪತ್ರೆಯಿಂದ ಹೊರಗೆ ಬಂದರೂ ಇನ್ನೂ ಕಾಲಮೇಲೆ ನಿಲ್ಲಲಾರದ ಬಡವರಿಗೆಂದು ಒಂದು ಮನೆ ಮಾಡಿ ಆರೈಕೆಗೆ ನಿಂತ. ಮಕ್ಕಳಿಗೆ ಅಕ್ಷರ ಕಲಿಸುವ ಶಾಲೆ ತೆರೆದ. ರಾತ್ರಿ ಹೊತ್ತು ಗಂಟೆ ಆಡಿಸುತ್ತಾ ಬೀದಿಯಲ್ಲಿ ಓಡಾಡುತ್ತಿದ್ದನಂತೆ. 1667ರಲ್ಲಿ ತೀರಿಕೊಂಡ. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಗ್ವಾಟೆಮಾಲಾಕ್ಕೇ ಬಂದು ಅವನನ್ನು ಸಂತನೆಂದು ಸಾರಿದರು. ಸಾನ್ ಫ್ರಾನ್ಸಿಸ್ಕೊ ಚರ್ಚಿನಲ್ಲಿರುವ ಅವನ ಗೋರಿಯನ್ನು ಜನ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಪಕ್ಕದ ಮನೆಯವರನ್ನು ಕರೆದ ಹಾಗೆ ಕರೆದು, ಕಷ್ಟ ಹೇಳಿಕೊಳ್ಳುತ್ತಾರೆ. ಕ್ರಿಯಾಪದದ ರೂಪಗಳು ಬಾಯಿಗೆ ಬಾರದ ದಿನ ನಾನೂ ಒಮ್ಮೆ ಹೋಗಿ ತಟ್ಟಿದ್ದುಂಟು.

ಲ್ಯಾಟಿನ್ನಿನಲ್ಲಿ ಗೆದ್ದವನೂ ಈ ಊರಿನಲ್ಲಿ ಹುಟ್ಟಿದ. 1731ರಲ್ಲಿ ಹುಟ್ಟಿದ ರಫಾಯೆಲ್ ಲಾಂದೀವರ್ ಜೆಸ್ವಿಟ್ ಪಾದ್ರಿ. 1767ರಲ್ಲಿ ಸ್ಪೇನಿನ ದೊರೆ ಜೆಸ್ವಿಟರನ್ನೆಲ್ಲ ಗಡೀಪಾರು ಮಾಡಿದಾಗ ಇಟಲಿಗೆ ಹೋಗಿ, ಅಲ್ಲಿ ಕೂತು ಈ ನಾಡಿನ ಕೆರೆ, ಬೆಟ್ಟ, ಬೇಸಾಯಗಳ ಮೇಲೆ ಲ್ಯಾಟಿನ್ನಿನಲ್ಲಿ ದೊಡ್ಡ ಕಾವ್ಯ ಬರೆದ. ಮತ್ತೆ ಊರು ನೋಡಲಿಲ್ಲ. 1950ರಲ್ಲಿ ಅವನ ಅಸ್ಥಿಯನ್ನು ಮಾತ್ರ ತಂದರು.

ಈಗ 1773ರ ಜುಲೈ 29ಕ್ಕೆ ಬರೋಣ. ಸಂತ ಮಾರ್ತಾಳ ದಿನ. ಅಂದು ಭೂಮಿ ನಡುಗಿತು. ಈ ಊರಿಗೆ ಭೂಕಂಪ ಹೊಸತಲ್ಲ. 1717ರಲ್ಲಿ, 1751ರಲ್ಲಿ ಆಗಲೇ ಪೆಟ್ಟು ತಿಂದಿತ್ತು. ಆ ಪೆಟ್ಟುಗಳಿಂದ ಪಾಠ ಕಲಿತು ಮೇಸ್ತ್ರಿಗಳು ಕಟ್ಟಡವನ್ನು ಕುಳ್ಳಗೆ, ಗೋಡೆಯನ್ನು ದಪ್ಪಗೆ, ಕಂಬವನ್ನು ಆನೆಯ ಕಾಲಿನ ಹಾಗೆ ಮಾಡತೊಡಗಿದ್ದರು. ಲಾ ಮೆರ್ಸೆದ್ ಚರ್ಚು ಹಾಗೆ ಕಟ್ಟಿದ್ದು. ಮೈತುಂಬ ಬಿಳಿ ಗಾರೆಯ ಹೂಬಳ್ಳಿ ಹೊತ್ತ ಆ ಹಳದಿ ಚರ್ಚು ಇವತ್ತಿಗೂ ನಿಂತಿದೆ. 1743ರ ನಗರಸಭೆ ಕಟ್ಟಡವೂ ಅಷ್ಟೆ. ಉಳಿದವು ಬಹುಪಾಲು ಸಂತ ಮಾರ್ತಾಳ ದಿನ ಬಿದ್ದವು.

ಗವರ್ನರ್ ಮಾರ್ತಿನ್ ದೆ ಮಯೋರ್ಗ ಅಧಿಕಾರಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ರಾಜಧಾನಿಯನ್ನೇ ಎತ್ತಬೇಕು ಎಂದ. ಆರ್ಚ್‌ಬಿಷಪ್ ಪೆದ್ರೊ ಕೊರ್ತೆಸ್ ಇ ಲರ್ರಾಸ್ ಕೂಡದು ಎಂದರು. ಊರು ಎರಡು ಪಂಗಡವಾಯಿತು. ಉಳಿಯುವವರಿಗೆ ತೆರ್ರೊನಿಸ್ತಾ ಎಂದು ಅಡ್ಡಹೆಸರು. ತೆರ್ರೋನ್ ಎಂದರೆ ಮಣ್ಣಿನ ಹೆಂಟೆ. ಹೆಂಟೆಗೆ ಅಂಟಿಕೊಂಡವರು ಅನ್ನಬಹುದು! ಗೆದ್ದವನು ಗವರ್ನರ್. ಸುಮಾರು 40 ಕಿಲೋಮೀಟರ್ ದೂರದಲ್ಲಿ, 1776ರ ಹೊತ್ತಿಗೆ ಹೊಸ ರಾಜಧಾನಿ ಎದ್ದಿತು. ಅದೇ ಇಂದಿನ ಗ್ವಾಟೆಮಾಲಾ ನಗರ. ಕಚೇರಿ, ವಿಶ್ವವಿದ್ಯಾಲಯ, ಮಠ, ಕುಶಲಕರ್ಮಿಗಳು, ದೇವರ ವಿಗ್ರಹ, ಗಂಟೆ, ಬಾಗಿಲ ಮರ, ಕಿಟಕಿಯ ಕಬ್ಬಿಣ ಎಲ್ಲ ಆ ಕಡೆಗೆ ಸಾಗಿದವು. 1779ರಲ್ಲಿ ಆರ್ಚ್‌ಬಿಷಪ್ಪರೂ ಜಾಗ ಖಾಲಿ ಮಾಡಬೇಕಾಯಿತು. ಉಳಿದವರು ಯಾರು? ಹೋಗಲು ಗಾಡಿ ಇಲ್ಲದವರು, ಹೋಗಿ ಮನೆ ಕಟ್ಟಲು ದುಡ್ಡಿಲ್ಲದವರು, ಹೋಗುವುದಿಲ್ಲ ಎಂದು ಹಠ ಹಿಡಿದವರು. ಬಿದ್ದ ಚರ್ಚುಗಳನ್ನು ಮತ್ತೆ ಕಟ್ಟುವ ತಾಕತ್ತು ಅವರಿಗಿರಲಿಲ್ಲ, ಕೆಡವಿ ಹೊಸದು ಮಾಡುವ ತಾಕತ್ತೂ ಇರಲಿಲ್ಲ. ಇವತ್ತು ನಾವು ಆಹಾ ಎಂದು ಫೋಟೋ ತೆಗೆಯುವುದು ಆ ಬಡತನವನ್ನು.

ಹತ್ತೊಂಬತ್ತನೆಯ ಶತಮಾನದಲ್ಲಿ ಊರಿನ ಹೊಟ್ಟೆ ಹೊರೆದದ್ದು ಒಂದು ಹುಳ. ಪಾಪಾಸುಕಳ್ಳಿಯ ಮೇಲೆ ಸಾಕುವ ಕೊಚಿನಿಯಲ್ ಹುಳವನ್ನು ಒಣಗಿಸಿ ಪುಡಿ ಮಾಡಿದರೆ ಕಡುಗೆಂಪು ಬಣ್ಣ. ಯೂರೋಪಿನಲ್ಲಿ ರಾಸಾಯನಿಕ ಬಣ್ಣ ಬಂದದ್ದೇ ಆ ವ್ಯಾಪಾರ ನೆಲ ಕಚ್ಚಿತು, ಕಳ್ಳಿ ಕಿತ್ತು ಕಾಫಿ ಹಾಕಿದರು. ತೋಟ ನೋಡಲು ಹೋದ ದಿನ ನನಗೆ ಸಕಲೇಶಪುರಕ್ಕೇ ಬಂದೆನೇನೋ ಅನ್ನಿಸಿತು. ನೆರಳಿಗೆ ಹಾಕಿದ್ದು ನಮ್ಮ ಸಿಲ್ವರ್ ಓಕ್! ಅವರು ಗ್ರವಿಲೆಯಾ ಅನ್ನುತ್ತಾರೆ. ಮೆಣಸಿನ ಬಳ್ಳಿ ಇಲ್ಲವಲ್ಲ ಎಂದು ಕೈ ಚಡಪಡಿಸಿತು. ಏಲಕ್ಕಿಯೂ ಆ ದೇಶದಲ್ಲಿದೆ, ಆದರೆ ಉತ್ತರದ ಕೊಬಾನ್ ಸೀಮೆಯಲ್ಲಿ. ಜಗತ್ತಿನಲ್ಲೇ ಅತಿ ಹೆಚ್ಚು ಏಲಕ್ಕಿ ಹೊರಗೆ ಕಳಿಸುವವರು ಅವರು, ನಮ್ಮ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಬೆಳೆದವರು ಮಾತ್ರ ಅದನ್ನು ಅಡುಗೆಗೆ ಹಾಕುವುದು ಅಪರೂಪ. ಬಹುಪಾಲು ಅರಬ್ ದೇಶಗಳ ಕಾಫಿಗೆ ಹೋಗುತ್ತದೆ.

1944ರಲ್ಲಿ ಸರ್ಕಾರ ಇಡೀ ಊರನ್ನು ರಾಷ್ಟ್ರೀಯ ಸ್ಮಾರಕ ಎಂದಿತು. 1976ರ ಫೆಬ್ರವರಿಯ ಭೂಕಂಪದಲ್ಲಿ ದೇಶದಾದ್ಯಂತ ಸುಮಾರು 23,000 ಜನ ಸತ್ತರು, ಅಂತಿಗ್ವಾದ ಪಾಳುಗೋಡೆಗಳು ಮತ್ತೆ ಬಿರಿದವು. 1979ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಭಾಷಾ ಶಾಲೆಗಳು ಬೇರೂರಿದ್ದು ಇದೇ ಕಾಲದಲ್ಲಿ, 1970ರ ಆಸುಪಾಸಿನಿಂದ. ಮೊದಮೊದಲಿನ ಶಾಲೆಯೊಂದು ಆ ಹಳೆಯ ಬಿಷಪ್ ಮರ್ರೊಕಿನ್ ಹೆಸರಿನಲ್ಲೇ ಇದೆ. ಹೊರಗಿನವರಿಗೆ ಸ್ಪ್ಯಾನಿಷ್ ಕಲಿಸಿ ಬಂದ ಹಣದಿಂದ ಅದು ಮಾಯಾ ಭಾಷೆಯವರನ್ನೇ ಭಾಷಾಶಾಸ್ತ್ರದಲ್ಲಿ ತರಬೇತು ಮಾಡಿತು, ಅವರವರ ಭಾಷೆಗೆ ನಿಘಂಟು, ವ್ಯಾಕರಣ ಮಾಡುವ ಕೆಲಸಕ್ಕೆ ನಿಂತಿತು. ಅದೇ ಹೊತ್ತಿನಲ್ಲಿ, 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ, ಮೇಲಿನ ಗುಡ್ಡಗಾಡಿನಲ್ಲಿ ಆ ಭಾಷೆ ಆಡುವವರ ಹಳ್ಳಿಗಳನ್ನು ಸೈನ್ಯ ಸುಡುತ್ತಿತ್ತು. ಅಂಗಳದಲ್ಲಿ ಕೂತು ಕ್ರಿಯಾಪದ ಒಪ್ಪಿಸುವಾಗ ಇದು ನೆನಪಾದರೆ ಗಂಟಲು ಸ್ವಲ್ಪ ಹಿಡಿಯುತ್ತದೆ.

ಎರಡು ದಿನಕ್ಕೆ ಬಂದವರಿಗೆ ಈ ಊರು ಒಂದು ಕಮಾನು, ನಾಲ್ಕು ಪಾಳುಚರ್ಚು. ಎರಡು ತಿಂಗಳು ಇದ್ದರೆ ಬೇರೆ. ಬೀದಿಗೆ ಹೆಸರಿಗಿಂತ ನಂಬರೇ ಹೆಚ್ಚು, ಹೊಸಬರಿಗೆ ಎಲ್ಲ ಒಂದೇ ಥರ. ದಿಕ್ಕು ತಪ್ಪಿದರೆ ತಲೆಯೆತ್ತಿ ಆಗ್ವಾ ಬೆಟ್ಟ ಹುಡುಕಬೇಕು; ಅದಿರುವುದು ದಕ್ಷಿಣ. ಪೂರ್ವದ ಕಡೆ 1853ರಲ್ಲಿ ಕಟ್ಟಿದ ತಾಂಕೆ ಲಾ ಉನಿಯೋನ್ ಎಂಬ ಬಟ್ಟೆ ಒಗೆಯುವ ಕಟ್ಟೆಯಿದೆ. ನಡುವೆ ನೀರಿನ ತೊಟ್ಟಿ, ಸುತ್ತ ಸಾಲಾಗಿ ಕಲ್ಲಿನ ಬಾನಿಗಳು. ಮೊದಲ ವಾರ ಫೋಟೋ ತೆಗೆದೆ. ನಾಲ್ಕನೆಯ ವಾರ ಅಲ್ಲಿ ಒಗೆಯುತ್ತಿದ್ದ ಅಜ್ಜಿಯೊಬ್ಬರು ನನ್ನ ಅಂಗಿಯ ಕಾಲರಿನ ಕೊಳೆ ನೋಡಿ ಏನೋ ಅಂದರು, ಪಕ್ಕದವರು ನಕ್ಕರು. ಅದು ಕಾಕ್ಚಿಕೆಲ್. ಸ್ಪ್ಯಾನಿಷ್ ಕಲಿತದ್ದು ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಈಸ್ಟರಿನ ಮುಂಚಿನ ವಾರಗಳಲ್ಲಿ ಬೀದಿಯ ಗುಂಡುಕಲ್ಲಿನ ಮೇಲೆ ಬಣ್ಣ ಕಟ್ಟಿದ ಗರಗಸದ ಹೊಟ್ಟಿನಿಂದ ಜನ ರಂಗೋಲಿ ಹಾಕುತ್ತಾರೆ. ರಾತ್ರಿಯಿಡೀ ಕುಕ್ಕರುಗಾಲಲ್ಲಿ ಕೂತು ಜರಡಿ ಹಿಡಿಯುತ್ತಾರೆ, ಒಣಗದಂತೆ ನೀರು ಚಿಮುಕಿಸುತ್ತಾರೆ. ಬೆಳಿಗ್ಗೆ ದೇವರ ವಿಗ್ರಹ ಹೊತ್ತ ನೇರಳೆ ನಿಲುವಂಗಿಯವರ ಮೆರವಣಿಗೆ ಅದರ ಮೇಲೇ ನಡೆದುಹೋಗುತ್ತದೆ. ಅದರ ಬೆನ್ನಿಗೇ ಸಲಿಕೆ, ಪೊರಕೆ ಹಿಡಿದ ಪೌರಕಾರ್ಮಿಕರು ಬಂದು ಎಲ್ಲವನ್ನೂ ಗೋರಿ ಲಾರಿಗೆ ತುಂಬುತ್ತಾರೆ. ಮೆರವಣಿಗೆಗಿಂತ ನನಗೆ ಆ ಸಲಿಕೆಯ ಸದ್ದೇ ಹೆಚ್ಚು ನೆನಪಿದೆ.

ಶನಿವಾರ ಸಂಜೆ ಕೆಲವು ಮನೆಗಳ ಬಾಗಿಲಲ್ಲಿ ಕೆಂಪು ದೀಪ ಉರಿಯುತ್ತದೆ. ಮೂರು ವಾರ ನಾನು ಏನೇನೋ ಊಹಿಸಿಕೊಂಡು ತಲೆ ತಗ್ಗಿಸಿ ದಾಟಿಹೋದೆ. ಆಮೇಲೆ ಮನೆಯಮ್ಮ ಹೇಳಿದರು: ಇವತ್ತು ತಮಾಲ್ ಮಾರಾಟಕ್ಕಿದೆ ಎಂಬ ಗುರುತು ಅದು. ಮುಸುಕಿನ ಜೋಳದ ಹಿಟ್ಟನ್ನು ಎಲೆಯಲ್ಲಿ ಕಟ್ಟಿ ಬೇಯಿಸಿದ ಕಡುಬು ತಮಾಲ್. ಒಂದು ಬಾಗಿಲು ತಟ್ಟಿದೆ. ನಾನು ಸೊಪ್ಪು ತಿನ್ನುವವನು. ಪಾಠ ಮಾಡಿಸಿಕೊಂಡ ಹಾಗೆ, ಕಾರ್ನೆ ಇಲ್ಲದ್ದು ಬೇಕು, ಮಾಂಸ ಬೇಡ ಎಂದೆ. ಆಕೆ ಭರವಸೆ ಕೊಟ್ಟರು: ಕಾರ್ನೆ ಹಾಕಿಲ್ಲಪ್ಪ, ಬರೀ ಕೋಳಿ. ನಾನು ನಿಂತಲ್ಲೇ ನಿಂತೆ. ಸೊಪ್ಪು ಎನ್ನುವ ಮಾತು ಬಾಯಿಗೆ ಬರಲಿಲ್ಲ. ಅಂಗಳದ ಗಿಡದ ಕಡೆ ಕೈ ತೋರಿಸಿ, ಎಲೆ, ತಿನ್ನುವ ಎಲೆ ಎಂದೆ. ಆಕೆ ಒಳಗೆ ಹೋಗಿ ಒಂದು ಹಸಿರು ಕಡ್ಡಿ ತಂದು ನನ್ನ ಮುಖದ ಹತ್ತಿರ ಹಿಡಿದರು. ಚಿಪಿಲೀನ್, ಹೇಳು, ಚಿ-ಪಿ-ಲೀನ್. ಹೇಳಿದೆ. ಇನ್ನೊಮ್ಮೆ ಹೇಳಿಸಿದರು. ಆಮೇಲೆ ಅದೇ ಸೊಪ್ಪು ಹಾಕಿದ ಎರಡು ಸಣ್ಣ ಕಡುಬು ಕಟ್ಟಿಕೊಟ್ಟು, ಒಂದಕ್ಕೆ ಮಾತ್ರ ದುಡ್ಡು ತಗೊಂಡರು.