ಗೋಲು ಕಾಯುವವನ ಲೆಕ್ಕ



ಫುಟ್‌ಬಾಲ್‌ನಲ್ಲಿ ಮುಂಚೂಣಿಯ ಆಟಗಾರ ಹತ್ತು ಸಲ ಗುರಿ ತಪ್ಪಿ ಒಮ್ಮೆ ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಗೋಲ್‌ಕೀಪರನ ಲೆಕ್ಕ ಇದಕ್ಕೆ ತಿರುಗುಮುರುಗು. ಹತ್ತು ಸಲ ತಡೆದು ಒಮ್ಮೆ ಕೈಜಾರಿದರೆ ಜನ ನೆನಪಿಡುವುದು ಆ ಒಂದನ್ನೇ. ಇದನ್ನು ಜರ್ಮನಿಯ ಆಲಿವರ್ ಕಾನ್ ಅವರಷ್ಟು ಬಲ್ಲವರು ಕಡಿಮೆ.

1969ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಹುಟ್ಟಿದ ಕಾನ್, ಊರಿನ ಕ್ಲಬ್‌ನಲ್ಲಿ ಆಡಿ ಬೆಳೆದು 1994ರಲ್ಲಿ ಬಯರ್ನ್ ಮ್ಯೂನಿಕ್ ಸೇರಿದರು. 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 90 ನಿಮಿಷ ಮುಗಿದಾಗಲೂ ಅವರ ತಂಡವೇ ಮುಂದಿತ್ತು. ಉಳಿದ ಕೆಲವೇ ಕ್ಷಣಗಳಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎರಡು ಗೋಲು ಹೊಡೆದು ಕಪ್ ಕಿತ್ತುಕೊಂಡಿತು. ಎರಡು ವರ್ಷಗಳ ನಂತರ ಮಿಲಾನ್‌ನಲ್ಲಿ ವೆಲೆನ್ಸಿಯಾ ವಿರುದ್ಧ ಕಾನ್ ಮೂರು ಪೆನಾಲ್ಟಿ ತಡೆದು ಅದೇ ಕಪ್ಪನ್ನು ಗೆದ್ದುಕೊಟ್ಟರು.

2002ರ ವಿಶ್ವಕಪ್‌ನಲ್ಲಿ ಫೈನಲ್‌ಗೆ ಮೊದಲಿನ ಆರು ಪಂದ್ಯಗಳಲ್ಲಿ ಅವರು ಬಿಟ್ಟದ್ದು ಒಂದೇ ಗೋಲು. ಆಮೇಲೆ ಬಂತು ಯೊಕೊಹಾಮಾ. 67ನೇ ನಿಮಿಷದಲ್ಲಿ ರಿವಾಲ್ಡೋ ಒದ್ದ ಚೆಂಡು ಕಾನ್ ಕೈಯಿಂದ ಜಾರಿತು. ರೊನಾಲ್ಡೋ ಅದನ್ನು ಬಲೆಗೆ ತಳ್ಳಿದರು. ಬ್ರೆಜಿಲ್ 2-0ರಿಂದ ಗೆದ್ದಿತು. ಬೆರಳಿಗೆ ಪೆಟ್ಟಾಗಿತ್ತು, ಆದರೆ ಕಾನ್ ಅದನ್ನು ನೆಪ ಮಾಡಲಿಲ್ಲ. ಟೂರ್ನಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಪಡೆದ ಮೊದಲ ಗೋಲ್‌ಕೀಪರ್ ಅವರೇ. ಆದರೂ ಎಲ್ಲರ ಕಣ್ಣಲ್ಲಿ ಉಳಿದ ಚಿತ್ರ, ಪಂದ್ಯ ಮುಗಿದ ಮೇಲೆ ಗೋಲಿನ ಕಂಬಕ್ಕೆ ಒರಗಿ ಕುಳಿತ ಕಾನ್ ಅವರದು.

ಇನ್ನೂ ಕಠಿಣ ಪರೀಕ್ಷೆ 2006ರಲ್ಲಿ ಕಾದಿತ್ತು. ವಿಶ್ವಕಪ್ ಸ್ವಂತ ನೆಲದಲ್ಲಿ. ಕೋಚ್ ಕ್ಲಿನ್ಸ್‌ಮನ್ ಆರಿಸಿದ್ದು ಮಾತ್ರ ಕಾನ್ ಅವರ ಬಹುಕಾಲದ ಪ್ರತಿಸ್ಪರ್ಧಿ ಯೆನ್ಸ್ ಲೇಮನ್‌ರನ್ನು. ಕಾನ್ ಮುನಿಸಿಕೊಂಡು ಮನೆಗೆ ಹೋಗಬಹುದಿತ್ತು. ಹೋಗದೆ ಎರಡನೇ ಗೋಲ್‌ಕೀಪರ್ ಆಗಿ ಉಳಿದರು. ಅರ್ಜೆಂಟೀನಾ ವಿರುದ್ಧದ ಕ್ವಾರ್ಟರ್ ಫೈನಲ್ ಪೆನಾಲ್ಟಿಗೆ ಹೋದಾಗ, ಲೇಮನ್ ಬಳಿಗೆ ನಡೆದು ಕೈಹಿಡಿದು ಶುಭ ಹಾರೈಸಿದರು. ಲೇಮನ್ ಎರಡು ಪೆನಾಲ್ಟಿ ತಡೆದರು, ಜರ್ಮನಿ ಗೆದ್ದಿತು. ಅಂಕಿಅಂಶಗಳಲ್ಲಿ ಆ ಪಂದ್ಯ ಕಾನ್ ಲೆಕ್ಕಕ್ಕೆ ಸೇರಿಲ್ಲ. ಮೂರನೇ ಸ್ಥಾನದ ಪಂದ್ಯದಲ್ಲಿ ಅವರಿಗೇ ಅವಕಾಶ, ನಾಯಕನ ಪಟ್ಟಿಯೂ ತೋಳಿಗೆ. ಅದು ಅವರ 86ನೆಯ, ಕೊನೆಯ ಅಂತರರಾಷ್ಟ್ರೀಯ ಪಂದ್ಯ.

2008ರ ಮೇ ತಿಂಗಳಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿ, ಕಾನ್ ಬಯರ್ನ್ ತಂಡದೊಂದಿಗೆ ನಮ್ಮ ಕೋಲ್ಕತ್ತಾಗೂ ಬಂದಿದ್ದರು. ಮೋಹನ್ ಬಗಾನ್ ಎದುರಿನ ಆ ಪಂದ್ಯದಲ್ಲಿ ಸಾಲ್ಟ್ ಲೇಕ್ ಕ್ರೀಡಾಂಗಣದ ಲಕ್ಷಕ್ಕೂ ಹೆಚ್ಚು ಜನ ಅವರನ್ನು ಬೀಳ್ಕೊಟ್ಟರು.

ನೀವು ದುಡಿಯುವ ಕಡೆಯೂ ನಿಮಗೆ ಬರಬೇಕಾದ ಕುರ್ಚಿ ಒಮ್ಮೆ ಬೇರೆಯವರಿಗೆ ಹೋಗಬಹುದು. ಆ ಸಂಜೆ ಬರ್ಲಿನ್‌ನ ಆ ಕೈಕುಲುಕನ್ನು ಒಂದು ಸಲ ನೆನೆಸಿಕೊಳ್ಳಿ. ಮರುದಿನ ಕೆಲಸಕ್ಕೆ ಹೋಗುವುದು ಸ್ವಲ್ಪ ಹಗುರಾದೀತು.